ಮುರಿದ ಪಾಲಕ್ಕ ಮಾಲೆಯ ಲೆಕ್ಕ

ಪಚ್ಚೆ ಗಾಜು ಉದುರಿದ ಪಾಲಕ್ಕ ಮಾಲೆಯನ್ನೋ ಕೊಂಡಿ ಸವೆದ ನಾಗಪಡತಾಲಿಯನ್ನೋ ಕೊಚ್ಚಿಯ ಬ್ರಾಡ್‌ವೇಗೆ ಅಥವಾ ತಿರುವನಂತಪುರದ ಚಾಲೆ ಪೇಟೆಗೆ ಒಯ್ದರೆ, ಕೌಂಟರಿನ ಆಚೆಯಿಂದ ಮೊದಲು ಬರುವ ಸಲಹೆ ಸಾಮಾನ್ಯವಾಗಿ ‘ಎಕ್ಸ್‌ಚೇಂಜ್ ಮಾಡಿಬಿಡಿ’ ಎಂಬುದೇ. ಚಿನ್ನಕ್ಕೆ ಚಿನ್ನ, ನಷ್ಟವೇನು ಎನ್ನುತ್ತಾರೆ. ನಷ್ಟ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಐದು ಪವನು, ಅಂದರೆ 40 ಗ್ರಾಂ ತೂಗುವ 22 ಕ್ಯಾರೆಟ್ ಚಿನ್ನ ಕೊಟ್ಟು ಅಷ್ಟೇ ತೂಕದ ಹೊಸ ಮಾಲೆ ತರುತ್ತೀರಿ ಎಂದುಕೊಳ್ಳೋಣ. ಮಜೂರಿ ಶೇ 12 ಎಂದಿಟ್ಟರೆ, ಒಟ್ಟು ಬೆಲೆಯ ಮೇಲೆ ಶೇ 3 ಜಿಎಸ್‌ಟಿ ಸೇರಿ ಕೈಬಿಡುವುದು ಸುಮಾರು ಆರು ಗ್ರಾಂ ಚಿನ್ನದ ಬೆಲೆ. ಮುಕ್ಕಾಲು ಪವನು! ಹಳೆಯ ಮಾಲೆಯ ಗಾಜು, ಒಳಗೆ ತುಂಬಿದ ಅರಗು, ಕರಗಿಸುವಾಗಿನ ಕಡಿತ ಬೇರೆ. ದುರಸ್ತಿಯಲ್ಲಾದರೆ ಖರ್ಚು ಬೀಳುವುದು ಕೂಲಿಗೆ ಮತ್ತು ಹೊಸದಾಗಿ ಸೇರಿಸಿದ ಚೂರು ಚಿನ್ನಕ್ಕೆ. ತೆರಿಗೆಯೂ ಅಷ್ಟರ ಮೇಲೆಯೇ.

ಅಂಗಡಿಯಲ್ಲಿ ಯಾರೂ ಹೇಳದ ಇನ್ನೊಂದು ಖರ್ಚು ಆದಾಯ ತೆರಿಗೆಯದು. ಹಳೆ ಒಡವೆ ಕೊಟ್ಟು ಹೊಸದು ಪಡೆದರೆ ಕಾನೂನಿನ ಕಣ್ಣಿಗೆ ಅದು ವರ್ಗಾವಣೆ. ಅಜ್ಜಿಯಿಂದ ಬಂದ ಒಡವೆಗೆ 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನು ಮೂಲ ಬೆಲೆ ಎಂದು ತೋರಿಸಬಹುದು, ನಿಜ. ಆದರೆ ಆಗ ಹತ್ತು ಗ್ರಾಂಗೆ ಐದು ಸಾವಿರ ರೂಪಾಯಿಯೂ ಇರಲಿಲ್ಲ, 2025ರಲ್ಲಿ ಅದು ಲಕ್ಷ ದಾಟಿತು. ಹಾಗಾಗಿ ಬೆಲೆಯ ಬಹುಪಾಲು ಲಾಭವೆಂದೇ ಲೆಕ್ಕ, ಅದರ ಮೇಲೆ ಶೇ 12.5 ತೆರಿಗೆ. ಬೇರೆ ವರಮಾನ ಕಡಿಮೆ ಇರುವವರಿಗೆ ಇದು ತಟ್ಟದೆ ಹೋಗಬಹುದು, ಸಂಬಳದಾರರಿಗೆ ತಟ್ಟುತ್ತದೆ. ದುರಸ್ತಿ ವರ್ಗಾವಣೆಯಲ್ಲ.

ಹಾಲ್‌ಮಾರ್ಕ್ ಇಲ್ಲದ ಒಡವೆಗೆ ದುಡ್ಡು ಸುರಿಯುವುದೇಕೆ ಎಂದು ಕೇಳುವವರಿದ್ದಾರೆ. 2021ರ ಜೂನ್‌ನಲ್ಲಿ ಜಾರಿಯಾದ ಕಡ್ಡಾಯ ಇರುವುದು ಮಾರುವ ವ್ಯಾಪಾರಿಗೆ, ಮನೆಯ ಪೆಟ್ಟಿಗೆಗಲ್ಲ. ಶುದ್ಧತೆ ತಿಳಿಯಬೇಕಿದ್ದರೆ ಬಿಐಎಸ್ ಮಾನ್ಯತೆಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಬಹುದು. ನಾಲ್ಕು ಒಡವೆಗಳವರೆಗೆ 200 ರೂಪಾಯಿ ಎಂದು 2022ರಲ್ಲಿ ನಿಗದಿಯಾಗಿತ್ತು. ದುರಸ್ತಿಯೇ ಒಡವೆಯನ್ನು ಕೆಡಿಸಬಹುದು ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಕಡಿಮೆ ಕ್ಯಾರೆಟ್ಟಿನ ಬೆಸುಗೆ ಪದೇ ಪದೇ ಬಿದ್ದರೆ ಒಟ್ಟು ಶುದ್ಧತೆ ಇಳಿಯುತ್ತದೆ. ಉರಿ ತಾಗಿದರೆ ಗಾಜು ಸೀಳುತ್ತದೆ, ಅರಗು ಕರಗುತ್ತದೆ. ಆದ್ದರಿಂದ ಗಾಜನ್ನು ಮೊದಲು ಬಿಚ್ಚುವವರನ್ನೋ ಲೇಸರ್ ಬೆಸುಗೆ ಇರುವವರನ್ನೋ ಹುಡುಕಬೇಕು. ಕೊಡುವ ಮುನ್ನ ತೂಕ, ಗಾಜಿನ ಎಣಿಕೆ, ಹಾಕುವ ಬೆಸುಗೆಯ ಕ್ಯಾರೆಟ್ ಚೀಟಿಯಲ್ಲಿ ಬರೆಯಿಸಿಕೊಳ್ಳಬೇಕು. ಬರೆಯಲು ಹಿಂಜರಿಯುವವರ ಕೈಗೆ ಒಡವೆ ಕೊಡದಿರುವುದೇ ವಾಸಿ.

ಎಲ್ಲ ಮುರುಕಿಗೂ ಈ ವಾದ ಒಪ್ಪುವುದಿಲ್ಲ. ಯಂತ್ರದಲ್ಲಿ ಮಾಡಿದ ತೆಳು ಸರ ನಾಲ್ಕು ಕಡೆ ಹರಿದಿದ್ದರೆ ಬೆಸೆಯುವುದು ದಂಡ. ಯಾರೂ ತೊಡದ, ಯಾರಿಗೂ ಬೇಡದ ಒಡವೆಯನ್ನೂ ಭಾವನೆಯ ಹೆಸರಿನಲ್ಲಿ ರಿಪೇರಿ ಮಾಡಿಸಿ ಲಾಕರ್ ಬಾಡಿಗೆ ಕಟ್ಟಬೇಕಿಲ್ಲ. ಅಂಥದ್ದನ್ನು ಮಾರಿ, ತೆರಿಗೆ ಇದ್ದರೆ ಕಟ್ಟಿ, ಹಣವನ್ನು ಬ್ಯಾಂಕಿಗೆ ಹಾಕಿಸಿಕೊಳ್ಳಿ. ಅದೇ ಕೌಂಟರಿನಲ್ಲಿ ಇನ್ನೊಂದು ಮಾಲೆಗೆ ಮಜೂರಿ ತೆರಬೇಡಿ.