ಇಲ್ಲದ ಕೈಯ ನೋವು



ಪ್ರೆಸ್ ಯಂತ್ರಕ್ಕೆ ಸಿಕ್ಕಿ ಬಲಗೈ ಕಳೆದುಕೊಂಡ ಓದುಗರೊಬ್ಬರು ಮೊನ್ನೆ ನಮ್ಮೊಡನೆ ಹೇಳಿಕೊಂಡರು: “ಗಾಯ ಮಾಯ್ದು ವರ್ಷವಾಯಿತು. ಆದರೂ ರಾತ್ರಿ ಆ ಇಲ್ಲದ ಕೈಯ ಬೆರಳುಗಳು ಉರಿಯುತ್ತವೆ. ಮುಷ್ಟಿ ಬಿಗಿದು ಉಗುರು ಅಂಗೈಗೆ ನಾಟಿದಂತಾಗುತ್ತದೆ. ಯಾರಿಗೆ ಹೇಳಲಿ? ಹೇಳಿದರೆ ಹುಚ್ಚೆನ್ನುತ್ತಾರೆ.”

ಇದು ಹುಚ್ಚೂ ಅಲ್ಲ, ಸೋಗೂ ಅಲ್ಲ. ವೈದ್ಯರು ಬಹುಕಾಲದಿಂದ ಬಲ್ಲ ನಿಜವಾದ ಬಾಧೆ. ಹದಿನಾರನೆಯ ಶತಮಾನದಲ್ಲಿಯೇ ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರೋಜ್ ಪಾರೆ ಇದನ್ನು ಕಂಡು ಬರೆದಿಟ್ಟಿದ್ದನು. ಅಮೆರಿಕದ ಅಂತರ್ಯುದ್ಧದ ಗಾಯಾಳುಗಳನ್ನು ನೋಡಿಕೊಂಡ ಸೈಲಸ್ ವೇಯರ್ ಮಿಚೆಲ್ ಎಂಬ ವೈದ್ಯನು 1871ರಲ್ಲಿ ಇದನ್ನು ‘ಫ್ಯಾಂಟಮ್ ಲಿಂಬ್’ ಎಂದು ಕರೆದನು. ನಾವು ‘ಛಾಯಾಂಗ’ ಎನ್ನಬಹುದು.

ಇಲ್ಲದ ಅಂಗ ನೋಯುವುದು ಹೇಗೆ? ನಮ್ಮ ದೇಹದ ನಕ್ಷೆಯೊಂದು ಮಿದುಳಿನಲ್ಲಿದೆ. ಕೈ ಹೋದರೂ ನಕ್ಷೆಯಲ್ಲಿ ಅದರ ಜಾಗ ಅಳಿಯುವುದಿಲ್ಲ. ‘ಮುಷ್ಟಿ ಬಿಡಿಸು’ ಎಂದು ಮಿದುಳು ಅಪ್ಪಣೆ ಕಳಿಸುತ್ತದೆ. ಬಿಡಿಸಿತೆಂಬ ಉತ್ತರ ಕಣ್ಣಿನಿಂದಲೂ ಬಾರದು, ಚರ್ಮದಿಂದಲೂ ಬಾರದು. ಈ ಗೊಂದಲವೇ ನೋವಿಗೆ ಒಂದು ಕಾರಣವೆಂದು ಹಲವು ವಿಜ್ಞಾನಿಗಳ ಅಭಿಪ್ರಾಯ. ಕತ್ತರಿಸಿದ ನರಗಳ ತುದಿಗಳು ತಪ್ಪು ಸುದ್ದಿ ಕಳಿಸುವುದು ಇನ್ನೊಂದು ಕಾರಣ.

ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ನೆಲೆಸಿದ ವಿ. ಎಸ್. ರಾಮಚಂದ್ರನ್ ಅವರು 1990ರ ದಶಕದಲ್ಲಿ ಇದಕ್ಕೊಂದು ಸರಳ ಉಪಾಯ ಹೂಡಿದರು. ಪೆಟ್ಟಿಗೆಯೊಳಗೆ ಒಂದು ಕನ್ನಡಿಯನ್ನು ನೆಟ್ಟಗೆ ನಿಲ್ಲಿಸಿ, ಅದರ ಮುಂದೆ ರೋಗಿಯ ಒಳ್ಳೆಯ ಕೈಯನ್ನು ಇರಿಸುವುದು. ಅದರ ಬಿಂಬ ಕಳೆದುಹೋದ ಕೈಯ ಜಾಗದಲ್ಲಿ ಕಾಣುತ್ತದೆ. ಒಳ್ಳೆಯ ಕೈ ಬಿಡಿಸಿದರೆ ಎರಡೂ ಬಿಡಿಸಿದಂತೆ ತೋರುತ್ತದೆ. ಎಷ್ಟೋ ದಿನ ಬಿಗಿದಿದ್ದ ಮುಷ್ಟಿ ಸಡಿಲವಾಯಿತೆಂದು ಕೆಲವು ರೋಗಿಗಳು ಹೇಳಿದರು. ಎಲ್ಲರಿಗೂ ಹಾಗಾಗಲಿಲ್ಲ.

ಆದರೆ ಎರಡು ಕೈಯೂ ಇಲ್ಲದವನಿಗೆ ಕನ್ನಡಿ ಏನು ಮಾಡೀತು? ಇಲ್ಲಿ ಕಂಪ್ಯೂಟರ್ ನೆರವಿಗೆ ಬರುತ್ತದೆ. ‘ವರ್ಚುಯಲ್ ರಿಯಾಲಿಟಿ’ ಎಂದರೆ ಕಣ್ಣಿಗೆ ಕಟ್ಟಿದ ಕನ್ನಡಕದೊಳಗಿನ ಪರದೆಯಲ್ಲಿ ಇನ್ನೊಂದು ಲೋಕವನ್ನು ತೋರಿಸುವ ವಿದ್ಯೆ. ತಲೆ ತಿರುಗಿಸಿದತ್ತ ನೋಟವೂ ತಿರುಗುತ್ತದೆ. ಅಲ್ಲಿ ರೋಗಿಗೆ ತನ್ನ ಕೈ ಮತ್ತೆ ಕಾಣುವಂತೆ ಮಾಡಬಹುದು. ಸ್ವೀಡನ್ನಿನ ಸಂಶೋಧಕ ಮ್ಯಾಕ್ಸ್ ಓರ್ಟಿಸ್ ಕ್ಯಾಟಲಾನ್ ಮತ್ತು ಸಂಗಡಿಗರು ಮೊಂಡುಗೈಗೆ ವಿದ್ಯುತ್ ಸಂಕೇತ ಹಿಡಿಯುವ ಬಿಲ್ಲೆಗಳನ್ನು ಅಂಟಿಸಿದರು. ರೋಗಿ ಇಲ್ಲದ ಕೈಯನ್ನು ಆಡಿಸಲು ಯತ್ನಿಸಿದಾಗ ಉಳಿದ ಸ್ನಾಯುಗಳು ಮಿಡಿಯುತ್ತವೆ. ಕಂಪ್ಯೂಟರ್ ಅದನ್ನು ಓದಿ ಪರದೆಯ ಕೈಯನ್ನು ಆಡಿಸುತ್ತದೆ. 2016ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ವರದಿಯಂತೆ, ಬೇರೆ ಚಿಕಿತ್ಸೆಗೆ ಬಗ್ಗದ ನೋವಿನ 14 ಮಂದಿಗೆ 12 ಸರದಿ ಇದನ್ನು ಮಾಡಿಸಿದಾಗ ನೋವು ಒಂದು ಅಳತೆಯಂತೆ ಸರಾಸರಿ ಅರ್ಧದಷ್ಟು ಇಳಿಯಿತು. ಆರು ತಿಂಗಳ ಮೇಲೂ ಗುಣ ಉಳಿದಿತ್ತು.

ಆದರೆ ಆ ಪ್ರಯೋಗದಲ್ಲಿ ಹೋಲಿಸಿ ನೋಡಲು ಬೇರೆ ಗುಂಪಿರಲಿಲ್ಲ. ಬಳಿಕ ಹಲವು ದೇಶಗಳಲ್ಲಿ ನಡೆದ ಪ್ರಯೋಗದಲ್ಲಿ, ಚಲನೆಯನ್ನು ಬರಿಯ ಮನಸ್ಸಿನಲ್ಲಿ ಕಲ್ಪಿಸಿಕೊಂಡವರಿಗೂ ಹೆಚ್ಚುಕಡಿಮೆ ಅಷ್ಟೇ ಉಪಶಮನವಾಯಿತು. ಇದರಿಂದ ನಮಗೊಂದು ಸಮಾಧಾನವುಂಟು: ಬೆಲೆಬಾಳುವ ಯಂತ್ರ ಸಿಕ್ಕದವನು ಕೈಚೆಲ್ಲಿ ಕೂರಬೇಕಾಗಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಮೊದಲು, ನೋವನ್ನು ಮುಚ್ಚಿಡದೆ ವೈದ್ಯರಿಗೆ ಹೇಳಬೇಕು. ಮೊಂಡಿನಲ್ಲಿ ಬಾವು, ಕೀವು ಇದ್ದರೆ ತಡಮಾಡಬಾರದು. ದೊಡ್ಡ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ಕನ್ನಡಿ ಚಿಕಿತ್ಸೆ ಉಂಟೇ ಎಂದು ವಿಚಾರಿಸಬೇಕು. ಕೊಟ್ಟ ಔಷಧಿಯನ್ನು ತಾನಾಗಿಯೇ ಬಿಡಬಾರದು. ಅಭ್ಯಾಸದಿಂದ ನೋವೋ ತಲೆಸುತ್ತೋ ಹೆಚ್ಚಿದರೆ ನಿಲ್ಲಿಸಿ ಕೇಳಬೇಕು.

ಉಳಿದ ನಮಗೂ ಒಂದು ಕೆಲಸವಿದೆ. ಊರು ಬಿಟ್ಟು ಬಂದು ಒಂದೇ ಕೋಣೆಯಲ್ಲಿ ನಾಲ್ವರು ಇರುವಾಗ, ಜೊತೆಗಾರನೊಬ್ಬ “ಇಲ್ಲದ ಕಾಲು ನೋಯುತ್ತಿದೆ” ಎಂದರೆ ನಾವು ನಗಬಾರದು. ಕಾಲು ಇಲ್ಲದಿರಬಹುದು, ನೋವು ಇದೆ.