ಹಳೆಯ ಫೋನಿನ ವರ್ಷದ ಖರ್ಚು

ಕಳೆದ ದೀಪಾವಳಿಗೆ ನಮ್ಮ ಮನೆಗೆ ಹದಿನೆಂಟು ಸಾವಿರದ ಫೋನು ಬಂತು, ಅತ್ತೆಯವರಿಗೆಂದು. ಅವರು ಫೋನಿನಲ್ಲಿ ಮಾಡುವುದು ಹೆಣ್ಣುಮಕ್ಕಳಿಗೆ ಕರೆ, ವಾಟ್ಸಾಪು, ಸಂಜೆ ಯೂಟ್ಯೂಬಿನಲ್ಲಿ ಹರಿಕಥೆ, ಅಷ್ಟೆ. ಅದೇ ಹೊತ್ತಿಗೆ ಬೀರುವಿನಲ್ಲಿ ನನ್ನ ಶವೋಮಿ ಎಂಐ ಎ1 ಮಲಗಿತ್ತು. 2017ರ ಸೆಪ್ಟೆಂಬರಿನಲ್ಲಿ 14,999 ರೂಪಾಯಿಗೆ ಮಾರುಕಟ್ಟೆಗೆ ಬಂದ ಮಾಡೆಲ್ ಅದು. ಸ್ಕ್ರೀನು, ಸ್ಪೀಕರು ಎಲ್ಲ ಸರಿಯಿದ್ದವು. ಬ್ಯಾಟರಿ ಸೋತಿತ್ತು, ಆಂಡ್ರಾಯ್ಡ್ 9ರ ಆಚೆಗೆ ಕಂಪನಿಯ ಅಪ್‌ಡೇಟ್ ಇರಲಿಲ್ಲ.

ಹೊಸದನ್ನು ಕೊಂಡದ್ದು ‘ನೋ ಕಾಸ್ಟ್ ಇಎಂಐ’ನಲ್ಲಿ. ಈ ಹೆಸರು ಕೇಳಿದರೇ ನನಗೆ ತಾಳ್ಮೆ ಕೆಡುತ್ತದೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿಯಾಗಿದೆ. ಬಡ್ಡಿಯಷ್ಟು ಮೊತ್ತವನ್ನು ಮೊದಲು ರಿಯಾಯಿತಿ ಎಂದು ಕಳೆಯುತ್ತಾರೆ, ಆಮೇಲೆ ಬಡ್ಡಿ ಎಂದು ಕಾರ್ಡಿನ ಬಿಲ್ಲಿಗೆ ಸೇರಿಸುತ್ತಾರೆ. ಆ ಬಡ್ಡಿಯ ಮೇಲಿನ 18% ಜಿಎಸ್‌ಟಿ ಕಟ್ಟುವವರು ನಾವು. ಪ್ರೊಸೆಸಿಂಗ್ ಫೀ ಬೇರೆ, ಅದಕ್ಕೂ ಜಿಎಸ್‌ಟಿ. ದೇವರಾಜ ಅರಸು ರಸ್ತೆಯ ಯಾವ ಅಂಗಡಿಗಾದರೂ ಹೋಗಿ, ‘ಪೂರ್ತಿ ದುಡ್ಡು ಈಗಲೇ ಕೊಟ್ಟರೆ ಎಷ್ಟಕ್ಕೆ ಬಿಡುತ್ತೀರಿ?’ ಎಂದು ಮೊದಲು ಕೇಳಿ, ಆಮೇಲೆ ಕಂತಿನ ಮಾತೆತ್ತಿ.

ಹಬ್ಬ ಕಳೆದ ಮೇಲೆ ಎ1ಗೆ 900 ರೂಪಾಯಿಯ ಬ್ಯಾಟರಿ ಹಾಕಿಸಿ, ಬೇರೆ ಓಎಸ್ ಹಾಕಲು ಬಿಡದ ಬೂಟ್‌ಲೋಡರ್ ಬೀಗವನ್ನು ಅನ್‌ಲಾಕ್ ಮಾಡಿ, ಲೀನಿಯೇಜ್ ಓಎಸ್ ಹಾಕಿದೆ. ಆಂಡ್ರಾಯ್ಡ್ ಆಧರಿಸಿದ ಸೈನೋಜೆನ್‌ಮಾಡ್ ಎಂಬ ಓಎಸ್ 2016ರ ಕೊನೆಗೆ ಮುಚ್ಚಿದಾಗ ಅದನ್ನು ಎತ್ತಿಕೊಂಡ ಸ್ವಯಂಸೇವಕರ ಕೆಲಸ ಇದು. ಬಿಡಿಗಾಸು ಕೊಡಬೇಕಿಲ್ಲ. ಈಗ ನನ್ನ ಎರಡನೆಯ ನಂಬರು ಅದರಲ್ಲಿದೆ.

ಫೋನಿನ ಬೆಲೆಯನ್ನು ನಾವು ಕೊಳ್ಳುವ ದಿನ ಮಾತ್ರ ನೋಡುತ್ತೇವೆ, ರೀಚಾರ್ಜನ್ನು ತಿಂಗಳ ಲೆಕ್ಕದಲ್ಲಿ ನೋಡುತ್ತೇವೆ. ಎರಡನ್ನೂ ವರ್ಷಕ್ಕೆ ತನ್ನಿ. 2024ರ ಜುಲೈ ದರ ಏರಿಕೆಯ ನಂತರ ಬಹಳ ಮನೆಗಳಲ್ಲಿ ನಡೆಯುತ್ತಿರುವುದು 299ರ ಪ್ಯಾಕ್, 28 ದಿನ. ಹನ್ನೆರಡರಿಂದ ಗುಣಿಸಿದರೆ 3,588 ಅನ್ನಿಸುತ್ತದೆ. ಆದರೆ 365ನ್ನು 28ರಿಂದ ಭಾಗಿಸಿ: ಹದಿಮೂರು ಸಲ. ಅಲ್ಲಿಗೆ 3,887. ಹದಿನೆಂಟು ಸಾವಿರದ ಫೋನು ನಾಲ್ಕು ವರ್ಷ ಬಾಳಿದರೆ ವರ್ಷಕ್ಕೆ 4,500. ಒಟ್ಟು 8,387.

ಈಗ ಎ1. ಬ್ಯಾಟರಿ ಎರಡು ವರ್ಷ ಬಂದರೆ ವರ್ಷಕ್ಕೆ 450. ಕರೆ ಮತ್ತು ಎಸ್‌ಎಂಎಸ್ ಮಾತ್ರದ ಪ್ಯಾಕ್ ಕೊಡಲೇಬೇಕೆಂದು ದೂರಸಂಪರ್ಕ ನಿಯಂತ್ರಕ ಟ್ರಾಯ್ 2024ರ ಡಿಸೆಂಬರಿನಲ್ಲಿ ಕಟ್ಟಪ್ಪಣೆ ಮಾಡಿತು. ಮರುತಿಂಗಳು ಏರ್‌ಟೆಲ್ 1,849ಕ್ಕೆ 365 ದಿನ, ಜಿಯೋ 1,748ಕ್ಕೆ 336 ದಿನ ಎಂದು ತಂದವು. ಮೊದಲನೆಯದನ್ನೇ ಹಿಡಿದರೆ ಬ್ಯಾಟರಿ ಸೇರಿ 2,299. ವರ್ಷಕ್ಕೆ 6,088 ರೂಪಾಯಿ ಉಳಿತಾಯ. ಮನೆಯಲ್ಲಿ ಫೈಬರ್ ವೈಫೈ ಇದೆ, ಅದಕ್ಕೆ ಹೇಗೂ ಕಟ್ಟುತ್ತಿದ್ದೇವೆ. ಹೊರಗೆ ಹೋದಾಗ ಇನ್ನೊಬ್ಬರ ಹಾಟ್‌ಸ್ಪಾಟ್ ಸಾಕು. ಅತ್ತೆಯವರ ಹರಿಕಥೆ ನಡೆಯುವುದು ಕುವೆಂಪುನಗರದ ಮನೆಯ ವೈಫೈನಲ್ಲೇ, ಪ್ಯಾಕಿನ ಡೇಟಾ ದಿನಾ ಮಧ್ಯರಾತ್ರಿ ಹಾಳಾಗುತ್ತದೆ. ಸೊಪ್ಪಿನವರ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡುವ ನಾವು ಹಾಳಾಗುವ ಈ ಡೇಟಾದ ಲೆಕ್ಕ ಕೇಳುವುದೇ ಇಲ್ಲ. ಮನೆಯಲ್ಲಿರುವ ಪ್ರತಿ ಸಿಮ್ಮಿಗೂ ತಿಂಗಳಲ್ಲಿ ಎಷ್ಟು ಡೇಟಾ ಖರ್ಚಾಗುತ್ತದೆ ಎಂದು ಒಂದು ಭಾನುವಾರ ಕೂತು ನೋಡಿ. ಆಟೋಪೇ ಇದ್ದರೆ ಮೊದಲು ತೆಗೆಸಿ.

ಎಲ್ಲ ಹಳೆಯ ಫೋನಿಗೂ ಈ ಲೆಕ್ಕ ಹೊಂದುವುದಿಲ್ಲ. ಜಿಯೋದಲ್ಲಿ 2ಜಿ, 3ಜಿ ಇಲ್ಲ, ಕರೆ ಹೋಗುವುದೇ ವೋಲ್ಟಿಯಲ್ಲಿ, ಎಂದರೆ 4ಜಿ ಮೂಲಕ. ಹೊಸದಾಗಿ ಹಾಕಿದ ಓಎಸ್‌ನಲ್ಲಿ ವೋಲ್ಟಿ ಕೆಲಸ ಮಾಡದಿದ್ದರೆ ಇಂಟರ್‌ನೆಟ್ ಓಡುತ್ತದೆ, ಕರೆ ಮಾತ್ರ ಹೋಗದು. ಏರ್‌ಟೆಲ್‌ನಲ್ಲಾದರೆ ಕರೆ 2ಜಿಗೆ ಇಳಿದು ಹೇಗೋ ನಡೆಯುತ್ತದೆ. ನಿಮ್ಮ ಮಾಡೆಲ್ಲಿಗೆ ವೋಲ್ಟಿ ಬರುತ್ತದೆಯೇ ಎಂದು ಖಚಿತವಾಗುವ ತನಕ ಇರುವ ಒಂದೇ ಫೋನಿಗೆ ಕೈ ಹಾಕಬೇಡಿ.

ಬ್ಯಾಂಕಿನ ವಿಷಯದಲ್ಲಿ ನಾನು ಇನ್ನೂ ಕಟ್ಟುನಿಟ್ಟು. ಬೂಟ್‌ಲೋಡರ್ ತೆರೆದ ಫೋನನ್ನು ಗೂಗಲ್‌ನ ಪರೀಕ್ಷೆ ಗುರುತಿಸುತ್ತದೆ, ಹಲವು ಬ್ಯಾಂಕ್ ಆ್ಯಪ್‌ಗಳು ತೆರೆಯುವುದೇ ಇಲ್ಲ. ಅದನ್ನು ಮರೆಮಾಚುವ ಉಪಾಯಗಳನ್ನು ಹುಡುಗರು ಹೇಳಿಕೊಡುತ್ತಾರೆ. ಬೇಡ. ಆಂಡ್ರಾಯ್ಡಿಗೆ ಹೊಸ ಸೆಕ್ಯೂರಿಟಿ ಪ್ಯಾಚ್ ಬಂದರೂ ಚಿಪ್ಪಿನ ಫರ್ಮ್‌ವೇರ್ ಕಂಪನಿ ಕೈಬಿಟ್ಟ ದಿನದಲ್ಲೇ ನಿಂತಿರುತ್ತದೆ. ಯುಪಿಐ, ಬ್ಯಾಂಕಿಗೆ ಕೊಟ್ಟ ನಂಬರು, ಓಟಿಪಿ ಮೂರೂ ಮನೆಯಲ್ಲಿ ಅಪ್‌ಡೇಟ್ ಬರುತ್ತಿರುವ ಫೋನಿನಲ್ಲೇ ಇರಲಿ. ಹಳೆಯದಕ್ಕೆ ಕರೆ, ನಕ್ಷೆ, ಹಾಡು, ಓದು.

ಬೂಟ್‌ಲೋಡರ್ ಅನ್‌ಲಾಕ್ ಮಾಡಿದರೆ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಬೀರುವಿನಿಂದ ತೆಗೆದ ಫೋನಿನಲ್ಲಿ ಮಕ್ಕಳ ಫೋಟೋ ಉಳಿದಿದ್ದರೆ ಮೊದಲು ಅವನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ.