ಹದಿನೆಂಟೂವರೆ ನ್ಯೂಟ್ರಾನ್!

ಪ್ರಥಮ ಪಿಯುಸಿ ಕಿರು ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಕ್ಲೋರಿನ್-37 ಪರಮಾಣುವಿನಲ್ಲಿ ಎಷ್ಟು ನ್ಯೂಟ್ರಾನ್‌ಗಳಿವೆ ಎಂಬ ಒಂದು ಅಂಕದ ಪ್ರಶ್ನೆಗೆ ಹಲವರು 18.5 ಎಂದು ಬರೆದಿದ್ದರು. ಪ್ರಶ್ನೆಯಲ್ಲಿದ್ದ 37 ಅನ್ನು ಬಿಟ್ಟು, ಆವರ್ತ ಕೋಷ್ಟಕದ 35.5ರಿಂದ 17 ಕಳೆದಿದ್ದಾರೆ. ಕಳೆಯುವ ಲೆಕ್ಕ ಸರಿಯಾಗಿದೆ. ಆದರೆ ಅರ್ಧ ನ್ಯೂಟ್ರಾನ್ ಎಲ್ಲಿಂದ ಬಂತು?

ನ್ಯೂಟ್ರಾನ್‌ಗಳ ಸಂಖ್ಯೆ = ದ್ರವ್ಯರಾಶಿ ಸಂಖ್ಯೆ − ಪರಮಾಣು ಸಂಖ್ಯೆ. ದ್ರವ್ಯರಾಶಿ ಸಂಖ್ಯೆ ಎಂದರೆ ಒಂದೇ ಒಂದು ಪರಮಾಣುವಿನ ಬೀಜಕೇಂದ್ರದಲ್ಲಿರುವ ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳ ಒಟ್ಟು ಎಣಿಕೆ. ಎಣಿಕೆ ಎಂದ ಮೇಲೆ ಅದು ಪೂರ್ಣಾಂಕವೇ. ಆದ್ದರಿಂದ ಸರಿ ಉತ್ತರ 37 − 17 = 20.

ಹಾಗಾದರೆ ಈ 35.5 ಏನು? ಅದು ಸರಾಸರಿ. ಪ್ರಕೃತಿಯಲ್ಲಿ ಸಿಗುವ 100 ಕ್ಲೋರಿನ್ ಪರಮಾಣುಗಳಲ್ಲಿ ಸುಮಾರು 76 ಕ್ಲೋರಿನ್-35, ಉಳಿದ 24 ಕ್ಲೋರಿನ್-37. ನೀವೇ ಮಾಡಿ ನೋಡಿ: 76 × 35 = 2660, 24 × 37 = 888, ಒಟ್ಟು 3548. ನೂರರಿಂದ ಭಾಗಿಸಿದರೆ 35.48. ಒಂದೊಂದು ಪರಮಾಣುವಿನಲ್ಲಿ ಇರುವುದು 18 ಅಥವಾ 20 ನ್ಯೂಟ್ರಾನ್. ಈ ಅರ್ಧದ ಒಗಟು ಹಿಂದೆ ರಸಾಯನಶಾಸ್ತ್ರಜ್ಞರನ್ನೂ ಕಾಡಿತ್ತು. ಆಸ್ಟನ್ 1920ರ ಸುಮಾರಿಗೆ ಎರಡು ಬಗೆಯ ಕ್ಲೋರಿನ್ ಇದೆ ಎಂದು ತೋರಿಸಿದರು. ನ್ಯೂಟ್ರಾನನ್ನು ಚಾಡ್ವಿಕ್ ಕಂಡುಹಿಡಿದದ್ದು 1932ರಲ್ಲಿ.

"ಸರ್, ಹತ್ತಿರದ ಪೂರ್ಣಾಂಕ ತೆಗೆದುಕೊಂಡರೆ ಆಗದೇ?" ಎಂದು ತರಗತಿಯಲ್ಲಿ ಒಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ಸೋಡಿಯಂಗೆ ಆಗುತ್ತದೆ, ಬ್ರೋಮಿನ್‌ಗೆ ಆಗುವುದಿಲ್ಲ. ಬ್ರೋಮಿನ್‌ನ ಸರಾಸರಿ 79.9, ಅದನ್ನು 80 ಮಾಡಿ 35 ಕಳೆದರೆ 45 ಬರುತ್ತದೆ. ಆದರೆ ನಿಸರ್ಗದ ಬ್ರೋಮಿನ್‌ನಲ್ಲಿ ಇರುವುದು 79 ಮತ್ತು 81, ಹೆಚ್ಚುಕಡಿಮೆ ಅರ್ಧರ್ಧ. ಅಂದರೆ 44 ಅಥವಾ 46 ನ್ಯೂಟ್ರಾನ್. ಬ್ರೋಮಿನ್-80 ವಿಕಿರಣಶೀಲ, ಅದರ ಅರ್ಧಾಯು ಸುಮಾರು 18 ನಿಮಿಷ ಮಾತ್ರ. ಹಾಗೆಂದು ಪ್ರಶ್ನೆಯಲ್ಲೇ 80 ಎಂದು ಕೊಟ್ಟಿದ್ದರೆ ವಾದಕ್ಕೆ ಇಳಿಯಬೇಡಿ, 45 ಎಂದೇ ಬರೆಯಿರಿ. ಕೊಟ್ಟ ದ್ರವ್ಯರಾಶಿ ಸಂಖ್ಯೆಯೇ ಪ್ರಮಾಣ.

ಅಯಾನುಗಳ ವಿಷಯ ಚಿಕ್ಕದು: ಎಲೆಕ್ಟ್ರಾನ್ ಹೋದರೂ ಬಂದರೂ ಬೀಜಕೇಂದ್ರ ಹಾಗೆಯೇ ಇರುತ್ತದೆ.

ಈಗ ನಿಮಗೊಂದು ಲೆಕ್ಕ. ತಾಮ್ರದ ಒಂದು ಅಯಾನಿನ ದ್ರವ್ಯರಾಶಿ ಸಂಖ್ಯೆ 65, ಆವೇಶ 2+, ಎಲೆಕ್ಟ್ರಾನ್‌ಗಳು 27. ನ್ಯೂಟ್ರಾನ್ ಎಷ್ಟು? 38 ಬಂದರೆ ಎಲೆಕ್ಟ್ರಾನ್ ಕಳೆದಿದ್ದೀರಿ, 34.5 ಬಂದರೆ ಮತ್ತೆ ಕೋಷ್ಟಕ ನೋಡಿದ್ದೀರಿ. 36 ಬರುವವರೆಗೆ ಸ್ಟಾಫ್ ರೂಮಿನ ಬಾಗಿಲು ತೆರೆದಿರುತ್ತದೆ.